ಮರೆವಿನ ಪರೀಕ್ಷೆಯೋ, ಮಗ್ಗಿಯ ಪರೀಕ್ಷೆಯೋ?

ವೃದ್ಧರ ಮರೆವಿನ ವಿಷಯದಲ್ಲಿ ನಮ್ಮ ಜಿಲ್ಲೆಯ ವಿದ್ಯಾವಂತರೊಳಗೆ ಈಗ ಎರಡು ಪಕ್ಷಗಳು ತೋರಿಬರುತ್ತಿವೆ. ಒಂದು ಹಳೆಯ ಪಕ್ಷ. ಅದು ‘ಅರವತ್ತಕ್ಕೆ ಅರಳುಮರುಳು’ ಎಂಬ ಗಾದೆಯನ್ನು ಹೇಳಿ ಸುಮ್ಮನಾಗುತ್ತದೆ. ಇನ್ನೊಂದು ಹೊಸ ಪಕ್ಷ. ಅದು ಅರವತ್ತು ತುಂಬಿದವರನ್ನೆಲ್ಲ ಶಿಬಿರದಲ್ಲಿ ಸಾಲಾಗಿ ಕುಳ್ಳಿರಿಸಿ, ಹತ್ತು ನಿಮಿಷಗಳಲ್ಲಿ ಮೂವತ್ತು ಅಂಕಗಳ ಪ್ರಶ್ನಪತ್ರಿಕೆಯೊಂದನ್ನು ಮುಗಿಸಿ, ಇಂಥವರ ಬುದ್ಧಿ ನೆಟ್ಟಗಿದೆ, ಇಂಥವರದು ಕೆಟ್ಟಿದೆ ಎಂದು ಬರೆದುಕೊಡುತ್ತದೆ. ಮೊದಲನೆಯದು ಅಜ್ಞಾನವೆಂಬುದನ್ನು ಈಗ ಯಾರಾದರೂ ಒಪ್ಪುವರು. ಎರಡನೆಯದಾದರೋ ವಿಜ್ಞಾನದ ಅಂಗಿಯನ್ನು ತೊಟ್ಟು ಬಂದಿರುವುದರಿಂದ, ಓದಿದವರ ಮನೆಗಳಲ್ಲಿ ಅದನ್ನು ತಡೆದು ಪ್ರಶ್ನಿಸುವವರೇ ಇಲ್ಲ. ಆದುದರಿಂದ ಅದರ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಲು ಅಪೇಕ್ಷಿಸುತ್ತೇನೆ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ವೈದ್ಯರು ಡಿಮೆನ್ಶಿಯಾ ಎಂದು ಕರೆಯುವ ಮರೆವಿನ ರೋಗವು ನಿಜವಾದ ರೋಗ. ಅದು ಮುಪ್ಪಿನ ಸಹಜಗುಣವಲ್ಲ, ಮೆದುಳಿಗೆ ತಗಲುವ ವ್ಯಾಧಿ. ಜರ್ಮನಿಯ ವೈದ್ಯನಾದ ಆಲ್ಝೈಮರನು ೧೯೦೧ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಒಬ್ಬ ಸ್ತ್ರೀಯನ್ನು ಪರೀಕ್ಷಿಸಿ, ಆಕೆಯ ಮರಣಾನಂತರ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ೧೯೦೬ರಲ್ಲಿ ಅಲ್ಲಿ ಕಂಡ ವಿಕಾರಗಳನ್ನು ವಿದ್ವಾಂಸರೆದುರು ವಿವರಿಸಿದ ದಿನದಿಂದ ಈ ವಿಷಯದಲ್ಲಿ ಸಂಶಯಕ್ಕೆ ಎಡೆಯಿಲ್ಲ. ನಮ್ಮ ದೇಶದಲ್ಲಿ ಅರವತ್ತು ದಾಟಿದ ನೂರು ಮಂದಿಯಲ್ಲಿ ಸುಮಾರು ೭.೪ ಮಂದಿಗೆ, ಅಂದರೆ ಒಟ್ಟು ೮೮ ಲಕ್ಷ ಜನರಿಗೆ ಈ ರೋಗವಿದೆಯೆಂದು ೨೦೨೩ರಲ್ಲಿ ಪ್ರಕಟವಾದ ಅಖಿಲ ಭಾರತ ಅಧ್ಯಯನವು ಅಂದಾಜು ಮಾಡಿದೆ. ರೋಗವನ್ನು ಬೇಗನೆ ಗುರುತಿಸಿದರೆ ಲಾಭವುಂಟೆಂಬುದೂ ನಿಜ. ಹಾಗಾದರೆ ಜಗಳವೇನು? ಪರೀಕ್ಷೆ ಬೇಡವೆಂಬುದು ನನ್ನ ವಾದವಲ್ಲ. ಅಳೆಯಬೇಕಾದುದನ್ನು ಬಿಟ್ಟು ಬೇರೊಂದನ್ನು ಅಳೆಯುವ ಕೊಳಗವನ್ನು ನಮ್ಮ ಹಿರಿಯರ ಮುಂದೆ ಇಡಬೇಡಿರಿ ಎಂಬುದಷ್ಟೇ ನನ್ನ ವಾದ.

ಈ ಕೊಳಗವೆಂಥದೆಂಬುದನ್ನು ನೋಡೋಣ. ಶಿಬಿರಗಳಲ್ಲಿ ಹೆಚ್ಚಾಗಿ ಕಾಣಸಿಗುವುದು ೧೯೭೫ರಲ್ಲಿ ಅಮೇರಿಕದ ಫೋಲ್‌ಸ್ಟೀನ್ ದಂಪತಿಗಳೂ ಮ್ಯಾಕ್‌ಹ್ಯೂ ಎಂಬವರೂ ಕೂಡಿ ರಚಿಸಿದ ಪ್ರಶ್ನಪತ್ರಿಕೆ, ಇಲ್ಲವೆ ಅದರ ಯಾವುದಾದರೊಂದು ಭಾಷಾಂತರ. ಆಸ್ಪತ್ರೆಯ ಹಾಸಿಗೆಯ ಬಳಿ ನಿಂತು ರೋಗಿಯ ಮನಸ್ಥಿತಿಯನ್ನು ಬೇಗನೆ ತಿಳಿಯುವುದಕ್ಕಾಗಿ ಅದನ್ನು ರಚಿಸಿದರು. ಆ ಕೆಲಸಕ್ಕೆ ಅದು ಒಳ್ಳೆಯ ಸಾಧನವೇ ಸರಿ. ಅದರ ಮೂವತ್ತು ಅಂಕಗಳ ಹಂಚಿಕೆ ಹೀಗಿದೆ: ಕಾಲ ಮತ್ತು ಸ್ಥಳದ ಅರಿವಿಗೆ ಹತ್ತು; ಮೂರು ಶಬ್ದಗಳನ್ನು ಕೇಳಿ ಮರುನುಡಿಯುವುದಕ್ಕೆ ಮೂರು; ನೂರರಿಂದ ಏಳೇಳನ್ನು ಕಳೆಯುತ್ತ ಹೋಗುವುದಕ್ಕೆ ಐದು; ಮೊದಲು ಕೇಳಿದ ಮೂರು ಶಬ್ದಗಳನ್ನು ಸ್ವಲ್ಪ ಹೊತ್ತಿನ ನಂತರ ಜ್ಞಾಪಿಸಿಕೊಳ್ಳುವುದಕ್ಕೆ ಮೂರು; ವಸ್ತುಗಳ ಹೆಸರು, ಒಂದು ವಾಕ್ಯದ ಪುನರುಚ್ಚಾರ, ಹೇಳಿದ ಕೆಲಸ ಮಾಡುವುದು, ಓದು, ಬರೆಹ ಇವೆಲ್ಲಕ್ಕೆ ಎಂಟು; ಒಂದನ್ನೊಂದು ಛೇದಿಸುವ ಎರಡು ಪಂಚಕೋನಗಳನ್ನು ನೋಡಿ ಬರೆಯುವುದಕ್ಕೆ ಒಂದು. ಸಾಮಾನ್ಯವಾಗಿ ಇಪ್ಪತ್ತನಾಲ್ಕಕ್ಕಿಂತ ಕಡಿಮೆ ಬಂದವರ ಮೇಲೆ ಸಂಶಯ ಬೀಳುತ್ತದೆ. ಮರೆವಿನ ಪರೀಕ್ಷೆಯೆಂದು ಕರೆಯಲ್ಪಡುವ ಈ ಮೂವತ್ತು ಅಂಕಗಳಲ್ಲಿ, ಕೇಳಿದ್ದನ್ನು ನೆನಪಿನಿಂದ ತೆಗೆದು ಹೇಳುವುದಕ್ಕೆ ಮೀಸಲಾದವು ಮೂರೇ ಮೂರು ಎಂಬುದನ್ನು ವಾಚಕರು ಗಮನಿಸಬೇಕು.

ಈಗ ನನ್ನ ಮನೆಯ ಸಂಗತಿಯೊಂದನ್ನು ಹೇಳುತ್ತೇನೆ. ಹಿಲ್ಲೂರಿನಲ್ಲಿ ನನ್ನ ಸೋದರತ್ತೆಯೊಬ್ಬರಿದ್ದಾರೆ. ವಯಸ್ಸು ಎಂಬತ್ತರ ಆಚೆ, ಶಾಲೆಯ ಮೆಟ್ಟಿಲನ್ನು ಹತ್ತಿದವರಲ್ಲ, ಸಹಿಗೆ ಹೆಬ್ಬೆರಳೇ. ಕೆಲವು ತಿಂಗಳುಗಳಿಂದ ಅವರು ಮಂಕಾಗಿದ್ದರು; ಮಾತು ಕಡಿಮೆಯಾಗಿತ್ತು; ಒಲೆಯ ಮೇಲಿಟ್ಟ ಹಾಲು ಎರಡು ಸಲ ಉಕ್ಕಿ ಹೋಗಿತ್ತು. ಅಂಕೋಲೆಯಲ್ಲಿ ನಡೆದ ಒಂದು ಶಿಬಿರಕ್ಕೆ ಅವರನ್ನು ಕರೆದುಕೊಂಡು ಹೋದವನು ನಾನೇ. ಅಲ್ಲಿಯ ತರುಣರು ಸಭ್ಯರು, ಅವರನ್ನು ದೂರುವುದಿಲ್ಲ. “ಅಜ್ಜೀ, ಇವತ್ತು ತಾರೀಖು ಎಷ್ಟು?” ಎಂದು ಕೇಳಿದರು. ಅತ್ತೆ ಹೇಳಿದರು: “ತಾರೀಖು ನನಗೇಕೆ ಮಗಾ? ನಿನ್ನೆ ಏಕಾದಶಿ, ಇಂದು ದ್ವಾದಶಿಯ ಪಾರಣೆ ಮುಗಿಸಿಯೇ ಬಂದೆ.” ತಪ್ಪು. “ಯಾವ ತಿಂಗಳು?” “ಶ್ರಾವಣ.” ತಪ್ಪು, ಹಾಳೆಯಲ್ಲಿ ಆಗಸ್ಟ್ ಎಂದಿತ್ತು. ಇಸವಿ ತಿಳಿಯಲಿಲ್ಲ. ನಾವು ಎಷ್ಟನೆಯ ಮಹಡಿಯಲ್ಲಿದ್ದೇವೆ ಎಂಬ ಪ್ರಶ್ನೆಗೆ ಹಂಚಿನ ಮನೆಯಲ್ಲಿ ಜನ್ಮ ಕಳೆದ ಆ ಜೀವವು ನನ್ನ ಮುಖವನ್ನು ನೋಡಿತು. ನೂರರಿಂದ ಏಳು ಕಳೆಯುವುದು, ಓದುವುದು, ಬರೆಯುವುದು, ಪಂಚಕೋನ ಇವೆಲ್ಲಕ್ಕೂ ಸೊನ್ನೆ. ಇಂಗ್ಲಿಷಿನಿಂದ ತೊದಲುತ್ತ ಬಂದ ಒಂದು ವಾಕ್ಯವನ್ನು ಹೇಳಿದಂತೆಯೇ ಹೇಳಬೇಕಾಗಿತ್ತು, ಅದೂ ಸೊನ್ನೆ. ಆದರೆ ಹೇಳಿಕೊಟ್ಟಿದ್ದ ಮೂರು ಶಬ್ದಗಳನ್ನು ಕೇಳಿದಾಗ ಮೂರನ್ನೂ ತಡವರಿಸದೆ ಹೇಳಿದರು. ಒಟ್ಟು ಹದಿನೇಳು ಅಂಕಗಳು. ‘ಬುದ್ಧಿಶಕ್ತಿ ಕುಂದಿದೆ’ ಎಂದು ಚೀಟಿಯಲ್ಲಿ ಬರೆದುಕೊಟ್ಟರು.

ಆ ಚೀಟಿಯು ಮನೆಗೆ ಬಂದ ಮೇಲೆ ನಡೆದುದೇನೆಂದರೆ, ಭತ್ತದ ಕಣಜದ ಬೀಗದ ಕೈ ಅತ್ತೆಯ ಸೊಂಟದಿಂದ ಸೊಸೆಯ ಸೊಂಟಕ್ಕೆ ಹೋಯಿತು. ಬಂದ ನೆಂಟರು ಅವರೆದುರಿಗೇ ಅವರ ವಿಷಯವನ್ನು ಮೂರನೆಯವರ ವಿಷಯವೆಂಬಂತೆ ವಿಚಾರಿಸತೊಡಗಿದರು. ಅವರ ಹೆಸರಿನಲ್ಲಿ ಒಂದು ತುಂಡು ತೆಂಗಿನ ತೋಟವಿದೆ. “ಇನ್ನು ಆ ಹೆಬ್ಬೆರಳಿಗೆ ಬೆಲೆಯಿಲ್ಲ” ಎಂಬ ಮಾತು ಬಂಧುಗಳ ಬಾಯಲ್ಲಿ ಬಂತು. ನಮ್ಮ ಕಾನೂನಾದರೂ ಹೀಗೆ ಹೇಳುವುದಿಲ್ಲ. ೧೮೭೨ರ ಕರಾರು ಕಾಯಿದೆಯ ಹನ್ನೆರಡನೆಯ ಕಲಮು, ಕರಾರು ಮಾಡುವ ಸಮಯದಲ್ಲಿ ಅದನ್ನು ತಿಳಿದುಕೊಂಡು ತನ್ನ ಹಿತಾಹಿತವನ್ನು ವಿವೇಚಿಸಬಲ್ಲವನು ಸ್ವಸ್ಥಚಿತ್ತನು ಎನ್ನುತ್ತದೆ. ಮೂವತ್ತಕ್ಕೆ ಎಷ್ಟು ಅಂಕ ಎಂದು ಅದು ಕೇಳುವುದಿಲ್ಲ. ಆದರೆ ಮನೆಯ ನ್ಯಾಯಾಲಯದಲ್ಲಿ ಕಾಯಿದೆಗಿಂತ ಚೀಟಿ ದೊಡ್ಡದು. ಒಂದು ಸಂಜೆ ಅತ್ತೆ ನನ್ನನ್ನು ಕರೆದು, “ನನಗೆ ಕಿವಿ ಸರಿಯಾಗಿ ಕೇಳುವುದಿಲ್ಲ ಮಗಾ, ಆದರೂ ನೀವು ಆಡಿಕೊಳ್ಳುವುದೆಲ್ಲ ತಿಳಿಯುತ್ತದೆ” ಎಂದರು. ಆ ಮಾತಿನ ಮುಂದೆ ನಾನು ತಲೆಯೆತ್ತಲಾರದೆ ಹೋದೆ. ಮುಂದೆ ಬೇರೊಬ್ಬ ವೈದ್ಯರು ರಕ್ತಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಿರುವುದು ತಿಳಿಯಿತು. ದಿನಕ್ಕೊಂದು ಸಣ್ಣ ಗುಳಿಗೆ. ನಾಲ್ಕು ತಿಂಗಳುಗಳಲ್ಲಿ ಅತ್ತೆ ಮೊದಲಿನ ಅತ್ತೆಯಾದರು. ಬೀಗದ ಕೈಯನ್ನು ಕೇಳಿ ತೆಗೆದುಕೊಂಡರು.

ಇದು ಒಬ್ಬರ ಮನೆಯ ಕಥೆಯೆಂದು ತಳ್ಳಿಹಾಕುವವರಿಗಾಗಿ ಲೆಕ್ಕವನ್ನೇ ಮಾಡಿ ತೋರಿಸುತ್ತೇನೆ. ಅಕ್ಷರವಿದ್ಯೆಯಿಲ್ಲದವರಿಗೆ ಓದಿನ ಒಂದು, ಬರೆಹದ ಒಂದು, ಪಂಚಕೋನದ ಒಂದು, ಕಳೆಯುವ ಲೆಕ್ಕದ ಐದು, ಕೂಡಿ ಎಂಟು ಅಂಕಗಳು ಮೊದಲೇ ಕೈಬಿಟ್ಟವು. ಉಳಿದುದರಲ್ಲಿ ಒಂದನ್ನೂ ತಪ್ಪದಿದ್ದರೂ ಮೂವತ್ತಕ್ಕೆ ಇಪ್ಪತ್ತೆರಡು. ಅಂದರೆ ನೆನಪು ವಜ್ರದಂತಿದ್ದರೂ ರೋಗಸಂಶಯದ ಪಟ್ಟಿಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಇದು ನನ್ನ ಕಲ್ಪನೆಯಲ್ಲ. ೧೯೯೩ರಲ್ಲಿ ಅಮೇರಿಕದವರೇ ಹದಿನೆಂಟು ಸಾವಿರ ಮಂದಿಯ ಅಂಕಗಳನ್ನು ಕೂಡಿಸಿ ನೋಡಿದಾಗ, ಒಂಬತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು ಓದಿದವರ ನಡುಮಟ್ಟದ ಅಂಕ ೨೯, ಐದರಿಂದ ಎಂಟು ವರ್ಷ ಓದಿದವರದು ೨೬, ನಾಲ್ಕು ವರ್ಷವೋ ಅದಕ್ಕಿಂತ ಕಡಿಮೆಯೋ ಓದಿದವರದು ೨೨ ಎಂದು ಕಂಡುಬಂತು. ಭಾರತದಲ್ಲಿ ೧೯೫೧ರ ಜನಗಣತಿಯ ಕಾಲಕ್ಕೆ ಅಕ್ಷರ ಬಲ್ಲ ಸ್ತ್ರೀಯರು ನೂರಕ್ಕೆ ಒಂಬತ್ತು ಮಂದಿಯೂ ಇರಲಿಲ್ಲ. ಇಂದು ಶಿಬಿರದ ಸಾಲಿನಲ್ಲಿ ಕುಳಿತಿರುವ ಅಜ್ಜಿಯರು ಆ ಕಾಲದ ಹೆಣ್ಣುಮಕ್ಕಳು. ಶಾಲೆಗೆ ಕಳಿಸದೆ ನಮ್ಮ ಸಮಾಜವು ಅಂದು ಮಾಡಿದ ಅನ್ಯಾಯಕ್ಕೆ ಇಂದು ಅವರ ಬುದ್ಧಿಯ ಮೇಲೆ ದಂಡ ಹಾಕುವುದು ಯಾವ ನ್ಯಾಯ?

ಅಕ್ಷರವೇ ಬುದ್ಧಿಯೆಂದು ತಿಳಿಯಲು ಅಂಕೋಲೆಯವರಿಗಂತೂ ಅಧಿಕಾರವಿಲ್ಲ. ಬಡಗೇರಿಯ ಸುಕ್ರಿ ಬೊಮ್ಮಗೌಡರು ಓದು ಬಲ್ಲವರಾಗಿರಲಿಲ್ಲ. ಹಾಲಕ್ಕಿ ಒಕ್ಕಲಿಗರ ಹಾಡುಗಳ ಒಂದು ಭಂಡಾರವನ್ನೇ ಕಂಠದಲ್ಲಿ ಹೊತ್ತು ತಿರುಗಿದರು. ೨೦೧೭ರಲ್ಲಿ ಪದ್ಮಶ್ರೀ ಪಡೆದು ೨೦೨೫ರ ಫೆಬ್ರವರಿಯಲ್ಲಿ ತೀರಿಕೊಂಡರು. ಹೊನ್ನಳ್ಳಿಯ ತುಳಸಿ ಗೌಡರೂ ಶಾಲೆ ಕಂಡವರಲ್ಲ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ದುಡಿದು, ಯಾವ ಮರದ ಬೀಜವನ್ನು ಯಾವಾಗ ಆರಿಸಬೇಕು, ಹೇಗೆ ಮೊಳೆಯಿಸಬೇಕು ಎಂಬುದನ್ನು ಪುಸ್ತಕದ ಹಂಗಿಲ್ಲದೆ ಬಲ್ಲವರಾಗಿದ್ದರು. ೨೦೨೦ರ ಪದ್ಮಶ್ರೀ ಅವರಿಗೆ ಸಂದಿತು. ೨೦೨೪ರ ಡಿಸೆಂಬರಿನಲ್ಲಿ ಅವರೂ ಗತಿಸಿದರು. ಪಂಚಕೋನಗಳ ಕಾಗದವನ್ನು ಇಂಥವರ ಮುಂದೆ ಇಟ್ಟು ಲೇಖನಿಯನ್ನು ಕೈಗೆ ಕೊಟ್ಟಿದ್ದರೆ ಯಾರ ಅಜ್ಞಾನ ಬಯಲಾಗುತ್ತಿತ್ತು ಎಂಬುದನ್ನು ವಾಚಕರೇ ನಿರ್ಣಯಿಸಲಿ.

ಹೊಸ ಪತ್ರಿಕೆಗಳು ಬಂದಿವೆಯಲ್ಲ ಎಂದು ಕೆಲವರು ಹೇಳಬಹುದು. ಬಂದಿವೆ. ೨೦೦೫ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಿಂದ ಪ್ರಕಟವಾದ ಪರೀಕ್ಷೆಯು ಸೂಕ್ಷ್ಮವಾದ ಮರೆವನ್ನು ಹಿಡಿಯುವುದರಲ್ಲಿ ಹಳೆಯದಕ್ಕಿಂತ ಮೇಲು. ಆದರೆ ಅದರಲ್ಲಿ ಅಂಕಿಗಳನ್ನೂ ಅಕ್ಷರಗಳನ್ನೂ ಗೆರೆಯಿಂದ ಜೋಡಿಸಬೇಕು, ಘನಾಕೃತಿಯನ್ನು ನೋಡಿ ಬರೆಯಬೇಕು, ಗಡಿಯಾರದ ಮುಖವನ್ನು ಚಿತ್ರಿಸಬೇಕು. ಗುರುತಿಸಬೇಕಾದ ಪ್ರಾಣಿಗಳು ಸಿಂಹ, ಖಡ್ಗಮೃಗ, ಒಂಟೆ. ಹಿಲ್ಲೂರಿನ ಅಜ್ಜಿಗೆ ಕಾಡುಹಂದಿ, ಮಂಗ, ನವಿಲು ನಿತ್ಯದ ಶತ್ರುಗಳು. ಖಡ್ಗಮೃಗವು ಅವರ ಗದ್ದೆಗೆ ಎಂದೂ ಇಳಿದಿಲ್ಲ. ಶಾಲೆಯ ಓದು ಹನ್ನೆರಡು ವರ್ಷವನ್ನು ಮೀರದವರಿಗೆ ಒಂದು ಅಂಕವನ್ನು ಹೆಚ್ಚಾಗಿ ಕೊಡಬೇಕೆಂಬ ನಿಯಮವೇನೋ ಅದರಲ್ಲುಂಟು. ಹನ್ನೆರಡು ವರ್ಷ ಓದಿದವನಿಗೂ ಒಂದು ದಿನವೂ ಓದದವಳಿಗೂ ಅದೇ ಒಂದು ಅಂಕ!

ಇನ್ನು ಪತ್ರಿಕೆಯ ಇನ್ನೊಂದು ಮೋಸವನ್ನು ನೋಡೋಣ. ನಮ್ಮ ನೆರೆಯಲ್ಲಿ ಒಬ್ಬ ನಿವೃತ್ತ ಮಾಸ್ತರರಿದ್ದರು, ತಾಳಮದ್ದಳೆಯ ಅರ್ಥಧಾರಿಗಳು. ಅದೇ ಶಿಬಿರದಲ್ಲಿ ಅವರಿಗೆ ಇಪ್ಪತ್ತೆಂಟು ಅಂಕಗಳು ಬಂದವು. ಮಗ್ಗಿಯನ್ನು ನಲವತ್ತು ವರ್ಷ ಹೇಳಿಕೊಟ್ಟವರಿಗೆ ಏಳೇಳನ್ನು ಕಳೆಯುವುದೇನು ದೊಡ್ಡದು? ಮನೆಯವರು ನಿಶ್ಚಿಂತರಾದರು. ಆದರೆ ಅವರ ಸೊಸೆಗೆ ಒಂದು ವರ್ಷ ಮೊದಲೇ ಸಂಶಯವಿತ್ತು. ಹಾಲಿನವನಿಗೆ ಒಂದೇ ತಿಂಗಳು ಎರಡು ಸಲ ಹಣ ಕೊಟ್ಟಿದ್ದರು. ಕನ್ನಡಕವು ಅಕ್ಕಿಯ ಡಬ್ಬದಲ್ಲಿ ಸಿಕ್ಕಿತ್ತು. ಸಂಧಾನದ ಪ್ರಸಂಗದಲ್ಲಿ ಕೃಷ್ಣನ ಅರ್ಥ ಹೇಳುತ್ತಿದ್ದವರು ಒಮ್ಮೆ ಹೇಳಿ ಮುಗಿಸಿದ ಮಾತನ್ನೇ ಮತ್ತೆ ಮೊದಲಿನಿಂದ ಎತ್ತಿಕೊಂಡಿದ್ದರು. ಅಂಕೋಲೆಯ ಪೇಟೆಯಲ್ಲಿ ಊರ ಬಸ್ಸು ನಿಲ್ಲುವ ಸ್ಥಳವನ್ನು ಅಪರಿಚಿತರಲ್ಲಿ ಕೇಳಿದ್ದರು. ಶಿಬಿರದಲ್ಲಿ ಆ ಸೊಸೆಯನ್ನು ಯಾರೂ ಏನೂ ಕೇಳಲಿಲ್ಲ. ಎರಡು ವರ್ಷಗಳ ಮೇಲೆ ದೂರದ ನಗರವೊಂದರಲ್ಲಿ ರೋಗನಿರ್ಣಯವಾಯಿತು. ಇಪ್ಪತ್ತೆಂಟು ಅಂಕಗಳ ಭರವಸೆಯಿಂದ ಆ ಎರಡು ವರ್ಷಗಳು ವ್ಯರ್ಥವಾಗಿ ಹೋದವು. ಓದದವರನ್ನು ರೋಗಿಗಳೆಂದೂ, ಓದಿದ ರೋಗಿಗಳನ್ನು ಸ್ವಸ್ಥರೆಂದೂ ಹೇಳುವ ಸಾಧನಕ್ಕೆ ನಾವು ಕೊಡತಕ್ಕ ಬೆಲೆಯೆಷ್ಟು?

ಇದಕ್ಕೆ ಪರಿಹಾರವಿಲ್ಲವೆಂದಾಗಿದ್ದರೆ ನಾನು ಸುಮ್ಮನಿರುತ್ತಿದ್ದೆನು. ಪರಿಹಾರವು ಮೂವತ್ತು ವರ್ಷಗಳಿಂದ ನಮ್ಮ ದೇಶದಲ್ಲಿಯೇ ಇದೆ. ಹರಿಯಾಣದ ಬಲ್ಲಭಗಡದ ಹಳ್ಳಿಗಳಲ್ಲಿ ಮೇರಿ ಗಂಗೂಲಿ ಮತ್ತು ಅವರ ಸಂಗಡಿಗರು ಆ ಅಮೇರಿಕದ ಪತ್ರಿಕೆಯನ್ನು ನಿರಕ್ಷರರಿಗಾಗಿ ತಿದ್ದಿ ೧೯೯೫ರಲ್ಲಿ ಪ್ರಕಟಿಸಿದರು. ‘ಕಣ್ಣು ಮುಚ್ಚಿರಿ’ ಎಂಬ ಬರೆಹವನ್ನು ಓದಿಸುವ ಬದಲು, ಪರೀಕ್ಷಕರು ತಾವೇ ಕಣ್ಣು ಮುಚ್ಚಿ ತಮ್ಮಂತೆ ಮಾಡಲು ಹೇಳಿದರು; ವಾಕ್ಯವನ್ನು ಬರೆಯಿಸುವ ಬದಲು ಮನೆಯ ವಿಷಯವಾಗಿ ಒಂದು ಮಾತನ್ನು ಆಡಿಸಿದರು. ಅಷ್ಟಕ್ಕೇ ನಿಲ್ಲದೆ, ವೃದ್ಧರ ನಿತ್ಯದ ವ್ಯವಹಾರ ಹೇಗಿದೆಯೆಂದು ಮನೆಯವರನ್ನು ಕೇಳುವ ಪ್ರಶ್ನಾವಳಿಯೊಂದನ್ನು ಅದೇ ಹಳ್ಳಿಗಳಿಂದ ೧೯೯೯ರಲ್ಲಿ ಹೊರತಂದರು. ನಮ್ಮ ಮಾಸ್ತರರ ಸೊಸೆಯ ಬಾಯಿಗೆ ಬೆಲೆ ಕೊಡುವ ಶಾಸ್ತ್ರವೆಂದರೆ ಇದೇ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ಪರೀಕ್ಷಾಸಮೂಹವು ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ೨೦೨೦ರಲ್ಲಿ ಸಿದ್ಧವಾಯಿತು. ೨೦೨೨ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ರಾಜ್ಯ ಸರಕಾರವೂ ಕೂಡಿ ಮೆದುಳಿನ ಆರೋಗ್ಯಕ್ಕಾಗಿ ಒಂದು ಕಾರ್ಯಕ್ರಮವನ್ನು ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಯಿಂದ ಆರಂಭಿಸಿದವು. ಬಾವಿಯಲ್ಲಿ ನೀರಿದೆ, ಸೇದಿ ತರುವ ಹಗ್ಗ ಮಾತ್ರ ನಮ್ಮಲ್ಲಿಗೆ ಮುಟ್ಟಬೇಕಾಗಿದೆ.

ಮುಟ್ಟಿದರೂ ಒಂದು ಕೆಲಸ ಉಳಿಯುತ್ತದೆ. ಬೆಂಗಳೂರಿನ ಕನ್ನಡವೇ ಅಂಕೋಲೆಯ ಕನ್ನಡವಲ್ಲ. ಹಾಲಕ್ಕಿಯವರ ನುಡಿ ಬೇರೆ, ಹವ್ಯಕರ ನುಡಿ ಬೇರೆ. ಕಾರವಾರದ ಕಡೆಯ ಎಷ್ಟೋ ಹಿರಿಯರ ಮನೆಮಾತು ಕೊಂಕಣಿ. ಮನೆಮಾತಿನಲ್ಲಿ ಕೇಳದ ಪ್ರಶ್ನೆಗೆ ಬಾರದ ಉತ್ತರವನ್ನು ಮರೆವೆಂದು ಎಣಿಸಲಾಗದು. ತಾರೀಖಿಗೆ ಬದಲಾಗಿ ತಿಥಿಯನ್ನು ಹೇಳಿದರೆ ಸರಿಯೆಂದು ಎಣಿಸಬೇಕು. ಅಂಕೋಲೆಯ ಬಂಡಿಹಬ್ಬ ಮುಗಿದು ಎಷ್ಟು ತಿಂಗಳಾಯಿತು, ಕರಿ ಇಶಾಡು ಮಾವು ಯಾವ ಕಾಲದಲ್ಲಿ ಬರುತ್ತದೆ ಎಂದು ಕೇಳಬಹುದು. ನೂರರಿಂದ ಏಳನ್ನು ಕಳೆಯುವ ಬದಲು ವಾರದ ಹೆಸರುಗಳನ್ನು ಹಿಂದುಮುಂದಾಗಿ ಹೇಳಿಸಬಹುದು. ಆದರೆ ಹೀಗೆ ತಿದ್ದಿದ ಪತ್ರಿಕೆಯನ್ನೂ ನಮ್ಮೂರಿನ ಸ್ವಸ್ಥರಾದ ವೃದ್ಧರ ಮೇಲೆ ಮೊದಲು ಪ್ರಯೋಗಿಸಿ, ಇಲ್ಲಿಯ ಸಹಜಮಟ್ಟ ಯಾವುದೆಂದು ನಿಶ್ಚಯಿಸಿಕೊಂಡ ಮೇಲೆಯೇ ಉಪಯೋಗಿಸತಕ್ಕದ್ದು.

‘ಏನೂ ಇಲ್ಲದಿರುವುದಕ್ಕಿಂತ ಇಷ್ಟಾದರೂ ಮೇಲಲ್ಲವೇ?’ ಎಂಬುದು ಶಿಬಿರದವರ ಕಟ್ಟಕಡೆಯ ಆಕ್ಷೇಪ. ಅಲ್ಲ ಎಂದೇ ನನ್ನ ಉತ್ತರ. ನೂರು ಮಂದಿ ವೃದ್ಧರಲ್ಲಿ ಏಳು ಮಂದಿ ರೋಗಿಗಳೆನ್ನೋಣ. ಪತ್ರಿಕೆಯು ಅವರಲ್ಲಿ ಆರು ಮಂದಿಯನ್ನು ಹಿಡಿಯಿತೆಂದೂ, ಉಳಿದ ತೊಂಬತ್ತಮೂರು ಮಂದಿ ಸ್ವಸ್ಥರಲ್ಲಿ ಐದಕ್ಕೊಬ್ಬರಂತೆ ಮಾತ್ರ ತಪ್ಪಿತೆಂದೂ ಇಟ್ಟುಕೊಳ್ಳೋಣ. ಆಗಲೂ ಚೀಟಿ ಪಡೆದ ಇಪ್ಪತ್ತನಾಲ್ಕು ಮಂದಿಯಲ್ಲಿ ಹದಿನೆಂಟು ಮಂದಿ ಸ್ವಸ್ಥರು! ಲಕ್ಷಣಗಳೇ ಇಲ್ಲದ ವೃದ್ಧರನ್ನೆಲ್ಲ ಹೀಗೆ ಶೋಧಿಸುವುದರ ಲಾಭಹಾನಿಗಳನ್ನು ತೂಗಿ ಹೇಳಲು ಪ್ರಮಾಣಗಳು ಸಾಲವೆಂದು ಅಮೇರಿಕದ ರೋಗನಿರೋಧ ತಜ್ಞರ ಮಂಡಲಿಯೇ ೨೦೨೦ರಲ್ಲಿ ಅಭಿಪ್ರಾಯಪಟ್ಟಿತು. ಮೇಲಾಗಿ, ಅಲ್ಲಿ ಸಂಶಯ ಬಂದವರಿಗೆ ಮುಂದಿನ ತಪಾಸಣೆಯ ಅನುಕೂಲತೆಗಳು ಹತ್ತಿರವಾದರೂ ಇವೆ. ನಮ್ಮದು ಕಠಿಣ ರೋಗಗಳಿಗೆ ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವೆಗಳಿಗೆ ಓಡುವ ಜಿಲ್ಲೆ. ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ೨೦೨೨ರಲ್ಲಿ ಜಿಲ್ಲೆಯಾದ್ಯಂತ ಎದ್ದುದನ್ನು ಯಾರೂ ಮರೆತಿಲ್ಲ. ಚೀಟಿಯೊಂದನ್ನು ಕೈಗಿತ್ತು, ಮುಂದಿನ ದಾರಿಯನ್ನು ತೋರಿಸದೆ ಹೊರಟುಹೋಗುವುದು ಪರೋಪಕಾರವೆಂದು ನನಗೆ ತೋರುವುದಿಲ್ಲ.

ಆಶಾ ಕಾರ್ಯಕರ್ತೆಯರು ಮನೆಮನೆಗೆ ಒಯ್ಯುವ ಸರಕಾರದ ತಪಾಸಣಾ ಹಾಳೆಯಲ್ಲಿಯೂ ವೃದ್ಧರಿಗಾಗಿ ಒಂದು ಪ್ರಶ್ನೆಯಿದೆ: ಹತ್ತಿರದವರ ಹೆಸರನ್ನಾಗಲಿ ಮನೆಯ ವಿಳಾಸವನ್ನಾಗಲಿ ಮರೆಯುತ್ತೀರಾ ಎಂದು. ಉದ್ದೇಶ ಒಳ್ಳೆಯದೇ. ಆದರೆ ಮರೆವಿನವನನ್ನೇ ಕರೆದು ಮರೆವುಂಟೇ ಎಂದು ಕೇಳುವುದು, ಮಲಗಿದವನನ್ನು ಎಬ್ಬಿಸಿ ನಿದ್ದೆ ಬಂದಿದೆಯೇ ಎಂದು ವಿಚಾರಿಸಿದಂತೆ. ಅದೇ ಪ್ರಶ್ನೆಯನ್ನು ಜೊತೆಯಲ್ಲಿರುವವರಿಗೂ ಕೇಳುವಂತಾದರೆ ಖರ್ಚಿಲ್ಲದೆ ಅರ್ಧ ಕೆಲಸ ಆದಂತಾಯಿತು.

ಸಾರಾಂಶವಾಗಿ ನನ್ನ ಬೇಡಿಕೆಗಳು ಇಷ್ಟೇ. ಪ್ರಶ್ನೆಗಳನ್ನು ಕೇಳುವ ಮೊದಲು ಕಿವಿಯನ್ನೂ ಕಣ್ಣನ್ನೂ ಪರೀಕ್ಷಿಸಿರಿ; ಕೇಳಿಸದ ಪ್ರಶ್ನೆಗೆ ಉತ್ತರವಿಲ್ಲ. ಎಷ್ಟು ಓದಿದ್ದಾರೆಂಬುದನ್ನು ಬರೆದುಕೊಳ್ಳದೆ ಅಂಕವನ್ನು ಬರೆಯಬೇಡಿರಿ. ಒಂದು ವರ್ಷದ ಹಿಂದೆ ಮಾಡುತ್ತಿದ್ದ ಯಾವ ಕೆಲಸವನ್ನು ಈಗ ಮಾಡಲಾರರು ಎಂಬುದನ್ನು ಮನೆಯವರಿಂದ ಕೇಳಿರಿ. ಸಂಶಯ ಬಂದಲ್ಲಿ ಥೈರಾಯ್ಡ್, ಬಿ-೧೨ ಜೀವಸತ್ವಗಳ ರಕ್ತಪರೀಕ್ಷೆ ಆಗದೆ, ಮನಸ್ಸಿನ ಖಿನ್ನತೆಯನ್ನೂ ನುಂಗುತ್ತಿರುವ ಔಷಧಗಳನ್ನೂ ವೈದ್ಯರು ವಿಚಾರಿಸದೆ ರೋಗದ ಹೆಸರನ್ನು ಎತ್ತಬೇಡಿರಿ. ಗುಣವಾಗುವ ಮರೆವನ್ನು ಗುಣವಾಗದ ಮರೆವೆಂದು ಕರೆಯುವಷ್ಟು ಕ್ರೌರ್ಯ ಬೇರೆ ಇಲ್ಲ. ಕೊನೆಯದಾಗಿ, ಫಲಿತಾಂಶವನ್ನು ನೆಂಟರ ಗುಂಪಿನಲ್ಲಿ ಓದದೆ, ಮೊದಲು ಆ ಹಿರಿಯರಿಗೇ ಹತ್ತಿರ ಕುಳಿತು ತಿಳಿಸಿರಿ. ಮರೆವಿನ ರೋಗವೇ ಇದ್ದರೂ ಮಾನದ ಅರಿವು ಬಹುಕಾಲ ಉಳಿಯುತ್ತದೆ.

ಇದು ವೈದ್ಯರ ಕೆಲಸ, ಸಾಹಿತ್ಯದ ಮಾಸಪತ್ರಿಕೆಗೆ ಇದರಲ್ಲೇನೆಂದು ಯಾರಾದರೂ ಕೇಳಿಯಾರು. ಇಂಥ ಪತ್ರಿಕೆಗೇ ಸಂಬಂಧಿಸಿದ ಕೆಲಸವಿದು. ಹಾಲಕ್ಕಿಯ ಅಜ್ಜಿಗೆ ತಿಳಿಯುವ ಮೂರು ಶಬ್ದಗಳಾವುವು, ಹವ್ಯಕರ ಮುದುಕರಿಗೆ ಸಹಜವಾದ ಪ್ರಶ್ನೆಯಾವುದು, ಕೊಂಕಣಿಯಲ್ಲಿ ಅದನ್ನು ಹೇಗೆ ಕೇಳಬೇಕು ಎಂಬುದನ್ನು ಬಲ್ಲವರು ಈ ಪುಟಗಳ ಲೇಖಕರೂ ವಾಚಕರೂ ಅಲ್ಲದೆ ಇನ್ನಾರು? ನಮ್ಮ ಸಂಘದವರು ನಾಲ್ಕು ಜನ ವೈದ್ಯರೊಡನೆ ಕುಳಿತು ಶಬ್ದಗಳನ್ನು ಒದಗಿಸಿಕೊಟ್ಟರೆ, ಆಮೇಲೆ ಅವುಗಳನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿ ನೋಡುವ ಹೊಣೆ ಅವರದು. ಅಲ್ಲಿಯವರೆಗೆ, ಮನೆಯ ಹಿರಿಯರ ಕೈಗೆ ಯಾರಾದರೂ ಮೂವತ್ತಕ್ಕೆ ಹದಿನೇಳೆಂಬ ಚೀಟಿಯನ್ನು ಕೊಟ್ಟರೆ, ಬೀಗದ ಕೈಯನ್ನು ಕಸಿದುಕೊಳ್ಳುವ ಮೊದಲು ಇನ್ನೊಬ್ಬ ವೈದ್ಯರಲ್ಲಿಗೆ ಹೋಗಿರಿ ಎಂದಿಷ್ಟೇ ವಾಚಕರಲ್ಲಿ ನನ್ನ ವಿಜ್ಞಾಪನೆ. ನಾನು ಹಾಗೆ ಮಾಡಲು ನಾಲ್ಕು ತಿಂಗಳು ತಡಮಾಡಿದೆನು. ಆ ನಾಲ್ಕು ತಿಂಗಳುಗಳನ್ನು ಅತ್ತೆ ಮರೆತಿಲ್ಲ.